‘ಹುಚ್ಚು ಹೊಗದೆ ಯಾರೂ ಪಾಪ ಮಾಡುವುದಿಲ್ಲ’: ಇದು ಸಮಜಾಯಿಷಿಯೋ, ಛೀಮಾರಿಯೋ?

ಅಂಗಡಿಮನೆ (ಸೆಪ್ಟೆಂಬರ್ 21, 2025)

ಇಂದು ಮಹಾಲಯ ಅಮಾವಾಸ್ಯೆ. ಅಪ್ಪನ ಫೋಟೋದ ಮುಂದೆ ಎಡೆ ಇಟ್ಟು ಎದ್ದೆ, ನೆನಪಾದದ್ದು ಮಾತ್ರ ಬೇರೊಬ್ಬರು. ಇಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮದು ಹಳ್ಳಿಯ ಕಿರಾಣಿ ಅಂಗಡಿ. 1987ರಲ್ಲಿ ನನಗೆ 16 ವರ್ಷ. ಸಂತೆಯ ದಿನ ಅಪ್ಪ ಮಾಲು ತರಲು ಹೋದಾಗ ಉದ್ರಿ ವಸೂಲಿ ನನ್ನ ಪಾಲಿನ ಕೆಲಸ. ಎತ್ತಿನ ಗಾಡಿ ಹೊಡೆಯುತ್ತಿದ್ದ ಒಬ್ಬ ಅಜ್ಜನಿಗೆ ಓದು ಬರುತ್ತಿರಲಿಲ್ಲ. ಪುಸ್ತಕದಲ್ಲಿ 14 ರೂಪಾಯಿ ಬಾಕಿ ಇದ್ದರೆ ನಾನು 18 ಎಂದು ಓದಿ ಹೇಳುತ್ತಿದ್ದೆ. ಅವರು ಪಂಚೆಯ ಗಂಟು ಬಿಚ್ಚಿ ಎಣಿಸಿ ಕೊಡುತ್ತಿದ್ದರು. ಮೇಲಿನ ನಾಲ್ಕು ರೂಪಾಯಿ ತಾಲ್ಲೂಕಿನ ಟೆಂಟಿನ ಸಿನಿಮಾಕ್ಕೆ. ಒಂದು ವರ್ಷಕ್ಕೆ ಸುಮಾರು 180 ರೂಪಾಯಿ ಆಗಿರಬೇಕು. ಅಜ್ಜ ತೀರಿಕೊಂಡು ಬಹಳ ಕಾಲವಾಯಿತು.

ಕಳೆದ ತಿಂಗಳು ಈ ವೇದಿಕೆಯಲ್ಲಿ ಯಾರೋ ಯೆಹೂದಿ ಗುರುಗಳ ಚರ್ಚೆಗಳ ಗ್ರಂಥವಾದ ತಾಲ್ಮುಡ್‌ನ ಒಂದು ಮಾತು ಹಾಕಿದ್ದರು: ಹುಚ್ಚು ಒಳಹೊಗದೆ ಮನುಷ್ಯ ಪಾಪ ಮಾಡುವುದಿಲ್ಲ. ಅಂದಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ನನಗೆ ಹುಚ್ಚು ಹಿಡಿದಿತ್ತೇ? ಹುಚ್ಚನಿಗೆ ಬಾಯಿಲೆಕ್ಕ ಬರುತ್ತದೆಯೇ? ನನಗೆ ಚೆನ್ನಾಗಿಯೇ ಬರುತ್ತಿತ್ತು. ಬಲ್ಲವರು ಹೇಳಿ, ಈ ಮಾತು ನನ್ನಂಥವನಿಗೆ ಕೊಟ್ಟ ವಿನಾಯಿತಿಯೋ, ಬೈಗುಳವೋ?


ನಿವೃತ್ತ ಗುಮಾಸ್ತ

34 ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿದ್ದೆ. ಕಟಕಟೆಯಲ್ಲಿ ನಿಂತವರ ಬಾಯಿಂದ ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದು ಗೊತ್ತೇ? ‘ಆ ಹೊತ್ತಿಗೆ ಬುದ್ಧಿ ಕೆಟ್ಟಿತ್ತು ಸ್ವಾಮಿ.’ ಅಣ್ಣನ ಹೊಲದ ಬದು ಒತ್ತಿದವನೂ ಹಾಗೆಯೇ ಹೇಳುತ್ತಿದ್ದ, ಹೆಂಡತಿಯ ಒಡವೆ ಅಡವಿಟ್ಟವನೂ ಹಾಗೆಯೇ. ಬುದ್ಧಿ ಕೆಟ್ಟವನು ಬದುವನ್ನು ತನ್ನ ಹೊಲದ ಕಡೆಗೆ ಒತ್ತಿದ್ದನ್ನು ನಾನೊಂದು ಸಲವೂ ಕಂಡಿಲ್ಲ. ಕೆಟ್ಟ ಬುದ್ಧಿ ಯಾವಾಗಲೂ ಲಾಭದ ಕಡೆಗೇ ಕೆಡುತ್ತದೆ.

ಹಾಗಾಗಿ ತಾಲ್ಮುಡ್ ಹೇಳಿದರೂ ಅಷ್ಟೆ, ತಹಸೀಲ್ದಾರ್ ಹೇಳಿದರೂ ಅಷ್ಟೆ. ನಾನು ಒಪ್ಪುವುದಿಲ್ಲ.


ಅಕ್ಷರಹುಳು

ಗುಮಾಸ್ತರೇ, ಸ್ವಲ್ಪ ತಡೆಯಿರಿ. ಆ ಮಾತು ಹೇಳಿದವನು ಯಾರು, ಎಲ್ಲಿಂದ ತೆಗೆದ ಎನ್ನುವುದನ್ನು ನೋಡಿ ಆಮೇಲೆ ತೀರ್ಪು ಕೊಡೋಣ.

ಹೇಳಿದವನು ರೇಷ್ ಲಾಕಿಷ್. ಪೂರ್ಣ ಹೆಸರು ಶಿಮೋನ್ ಬೆನ್ ಲಾಕಿಷ್. ಮೂರನೆಯ ಶತಮಾನ, ಗಲಿಲಾಯದ ತಿಬೇರಿಯ ಪಟ್ಟಣ. ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಆಗುವ ಮೊದಲು ಅವನು ದರೋಡೆಕೋರನಾಗಿದ್ದ ಎಂದು ತಾಲ್ಮುಡ್‌ನ ಕಥೆಯೇ ಹೇಳುತ್ತದೆ. ಅಂದರೆ ಈ ಮಾತು ಪುಸ್ತಕ ಓದಿ ಹೇಳಿದ್ದಲ್ಲ, ದಾರಿ ಕಾದು ನಿಂತವನೊಬ್ಬ ಹಿಂದಿರುಗಿ ನೋಡಿ ಹೇಳಿದ್ದು.

ಆ ಮಾತಿಗೆ ಅವನಿಗೆ ಆಧಾರ ಸಿಕ್ಕಿದ್ದು ಅರಣ್ಯಕಾಂಡದ ಐದನೆಯ ಅಧ್ಯಾಯದಲ್ಲಿ, ರಾಮಾಯಣದ್ದಲ್ಲ, ಬೈಬಲಿನದು. ಅಲ್ಲಿ ‘ತಿಸ್ತೆ’ ಎಂಬ ಕ್ರಿಯಾಪದವಿದೆ, ‘ದಾರಿ ತಪ್ಪಿದರೆ’ ಎಂದು ಅರ್ಥ. ಹೀಬ್ರೂವಿನಲ್ಲಿ ಸ ಮತ್ತು ಶ ಎರಡಕ್ಕೂ ಒಂದೇ ಅಕ್ಷರ, ಮೂರು ಕೊಂಬಿನ ಆಕಾರದ್ದು. ಚುಕ್ಕೆ ಎಡಗೊಂಬಿನ ಮೇಲಿದ್ದರೆ ಸ, ಬಲಗೊಂಬಿನ ಮೇಲಿದ್ದರೆ ಶ. ಆದರೆ ಸಭಾಮಂದಿರದಲ್ಲಿ ಓದುವ ತೋರಾ (ಬೈಬಲಿನ ಮೊದಲ ಐದು ಪುಸ್ತಕ) ಸುರುಳಿಯಲ್ಲಿ ಚುಕ್ಕೆಯನ್ನೇ ಇಡುವುದಿಲ್ಲ. ರೇಷ್ ಲಾಕಿಷ್ ಅದನ್ನು ‘ತಿಶ್ತೆ’ ಎಂದು ಓದಿದ. ಆಗ ಅರ್ಥ ‘ಹುಚ್ಚಾದರೆ’. ದಾರಿ ತಪ್ಪುವುದಕ್ಕೂ ತಲೆ ಕೆಡುವುದಕ್ಕೂ ನಡುವೆ ಇರುವುದು ಸುರುಳಿಯಲ್ಲಿ ಕಾಣದ ಒಂದು ಚುಕ್ಕೆ.

ಅವನು ಬಳಸಿದ ಪದ ‘ರುವಾಖ್ ಶ್ತೂತ್’. ಇಂಗ್ಲಿಷ್‌ನಲ್ಲಿ ಇದನ್ನು ತಿಳಿಸಲು ಒದ್ದಾಡುತ್ತಾರೆ. ಕನ್ನಡಕ್ಕೆ ಒದ್ದಾಟವಿಲ್ಲ. ‘ರುವಾಖ್’ ಎಂದರೆ ಬೀಸುವ ಗಾಳಿಯೂ ಹೌದು, ಮೈಮೇಲೆ ಬರುವ ಚೇತನವೂ ಹೌದು. ನಮ್ಮಲ್ಲಿ ‘ಗಾಳಿ ಸೋಕಿದೆ’ ಎನ್ನುವುದಿಲ್ಲವೇ, ಅದೇ ಗಾಳಿ. ಶ್ತೂತ್ ಎಂದರೆ ತಿಳಿಗೇಡಿತನ, ಹುಚ್ಚಾಟ. ಹುಚ್ಚಿನ ಗಾಳಿ ಎಂದರೆ ಮುಗಿಯಿತು.


ತುಂಗಾತೀರ

ಇದರಲ್ಲಿ ಹೊಸದೇನಿದೆ? ನಮ್ಮ ಕಾಮ ಕ್ರೋಧ ಲೋಭ ಮೋಹ ಮದ ಮಾತ್ಸರ್ಯ ಇದೇ ಅಲ್ಲವೇ? ವಿನಾಶಕಾಲೇ ವಿಪರೀತ ಬುದ್ಧಿಃ. ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ.


ಬಲ್ಮಠದ ಓದುಗಿ

ಎಲ್ಲ ಧರ್ಮಗಳೂ ಒಂದನ್ನೇ ಹೇಳಿದ್ದರೆ ಒಂದೇ ಪುಸ್ತಕ ಸಾಕಾಗುತ್ತಿತ್ತು ಸರ್. ಅರಿಷಡ್ವರ್ಗ ಎಂದರೆ ಗೆಲ್ಲಬೇಕಾದ ಆರು ಶತ್ರುಗಳು. ಯೆಹೂದಿ ಗುರುಗಳು ‘ಯೇಟ್ಸರ್ ಹರಾ’ ಎನ್ನುತ್ತಾರೆ, ಕೆಡುಕಿನ ಕಡೆಗೆ ಎಳೆಯುವ ಒಲವು. ಆದರೆ ಅದನ್ನು ಕೊಂದುಬಿಡಿ ಎನ್ನುವುದಿಲ್ಲ. ತಾಲ್ಮುಡ್‌ನಲ್ಲಿ ಒಂದು ಕಥೆ ಇದೆ. ಜನರೆಲ್ಲ ಉಪವಾಸವಿದ್ದು ಪ್ರಾರ್ಥಿಸಿ ಆ ಒಲವನ್ನು ಹಿಡಿದು ಮೂರು ದಿನ ಕೂಡಿಹಾಕಿದರಂತೆ. ಮೂರನೆಯ ದಿನ ರೋಗಿಯೊಬ್ಬನಿಗೆ ಬೇಕೆಂದು ದೇಶವೆಲ್ಲ ಹುಡುಕಿದರೂ ಅಂದು ಇಟ್ಟ ಒಂದು ಕೋಳಿಮೊಟ್ಟೆ ಸಿಗಲಿಲ್ಲ. ಕೋಳಿಗೂ ಬಯಕೆ ಸತ್ತಿತ್ತು! ಕೊನೆಗೆ ಅದರ ಕಣ್ಣು ಕುರುಡು ಮಾಡಿ ಬಿಟ್ಟುಬಿಟ್ಟರು. ಆ ಒಲವಿಲ್ಲದಿದ್ದರೆ ಯಾರೂ ಮನೆ ಕಟ್ಟುವುದಿಲ್ಲ, ಮದುವೆಯಾಗುವುದಿಲ್ಲ, ವ್ಯಾಪಾರ ಮಾಡುವುದಿಲ್ಲ ಎಂಬ ಮಾತೂ ಅವರಲ್ಲಿದೆ.

ನಾನು ಸತ್ಯವೇದ, ಅಂದರೆ ಬೈಬಲ್, ಓದಿಕೊಂಡು ಬೆಳೆದವಳು. ನಮ್ಮಲ್ಲಿ ಆದಾಮನಿಂದ ಬಂದ ಪಾಪ ಎಂಬ ಮಾತುಂಟು. ಅದೇ ಹಳೆಯ ಒಡಂಬಡಿಕೆಯನ್ನು ಓದುವ ಯೆಹೂದಿಗಳಲ್ಲಿ ಆ ಅರ್ಥದ ಹುಟ್ಟುಪಾಪ ಇಲ್ಲ. ಅವರ ಬೆಳಗಿನ ಪ್ರಾರ್ಥನೆಯಲ್ಲಿ ‘ನೀನು ನನ್ನಲ್ಲಿಟ್ಟ ಆತ್ಮ ಶುದ್ಧವಾಗಿದೆ’ ಎಂಬ ಸಾಲೇ ಬರುತ್ತದೆ. ಪಾಪಕ್ಕೆ ಇರುವ ‘ಖೇಟ್’ ಎಂಬ ಪದದ ಧಾತುವಿಗೆ ಗುರಿ ತಪ್ಪುವುದು ಎಂಬ ಅರ್ಥವಿದೆ. ಬೈಬಲಿನ ‘ನ್ಯಾಯಸ್ಥಾಪಕರು’ ಪುಸ್ತಕದ 20ನೆಯ ಅಧ್ಯಾಯದಲ್ಲಿ ಬೆನ್ಯಾಮೀನ್ ಕುಲದ 700 ಮಂದಿ ಎಡಚರು ಬರುತ್ತಾರೆ. ಕೂದಲೆಳೆಗೆ ಗುರಿಯಿಟ್ಟು ಕವಣೆ ಬೀಸಿದರೂ ತಪ್ಪದವರು. ಅಲ್ಲಿ ‘ತಪ್ಪದ’ ಎಂಬುದಕ್ಕೆ ಅದೇ ಧಾತು.

ಇನ್ನು ಅಕ್ಷರಹುಳು ಅವರಿಗೆ ಒಂದು ತಕರಾರು. ಆ ಚುಕ್ಕೆಯ ಕಥೆಯನ್ನು ರಸವತ್ತಾಗಿ ಹೇಳಿದಿರಿ, ಅದು ಯಾವ ಪ್ರಸಂಗದ್ದು ಎಂಬುದನ್ನು ಮೆಲ್ಲಗೆ ನುಂಗಿಕೊಂಡಿರಿ. ಅರಣ್ಯಕಾಂಡ 5ರಲ್ಲಿ ದಾರಿ ತಪ್ಪಿದಳೆಂದು ಸಂಶಯಕ್ಕೆ ಗುರಿಯಾದವಳು ಹೆಂಡತಿ. ಗಂಡನ ಮನಸ್ಸಿಗೆ ಬಂದ ಗುಮಾನಿಗೆ ಅವಳನ್ನು ಯಾಜಕನ ಮುಂದೆ ನಿಲ್ಲಿಸಿ ಶಾಪದ ಅಕ್ಷರ ತೊಳೆದ ಕಹಿ ನೀರು ಕುಡಿಸುತ್ತಾರೆ. ಎಲ್ಲರ ಹುಚ್ಚಿನ ಬಗ್ಗೆ ಸೂತ್ರ ಬೇಕಾದಾಗಲೂ ಮೊದಲು ಸಿಕ್ಕವಳು ಹೆಣ್ಣೇ.


ಅಕ್ಷರಹುಳು

ನುಂಗಿಕೊಂಡದ್ದು ನಿಜ. ಒಪ್ಪಿದೆ.

ಆ ವಿಧಿಗೆ ಏನಾಯಿತು ಎಂಬುದನ್ನೂ ಸೇರಿಸುತ್ತೇನೆ. ವ್ಯಭಿಚಾರಿಗಳು ಹೆಚ್ಚಾದಾಗ ಕಹಿ ನೀರು ನಿಂತುಹೋಯಿತು, ಅದನ್ನು ನಿಲ್ಲಿಸಿದವರು ರಬ್ಬಾನ್ ಯೋಹಾನಾನ್ ಬೆನ್ ಝಕ್ಕಾಯ್ ಎಂದು ತಾಲ್ಮುಡ್‌ಗೆ ತಳಹದಿಯಾದ ಕಾನೂನು ಸಂಗ್ರಹ ಮಿಷ್ನಾ ಹೇಳುತ್ತದೆ. ಆಧಾರ ಬೈಬಲಿನ ಪ್ರವಾದಿ ಹೋಶೇಯನ ಪುಸ್ತಕದ್ದು: ಗಂಡಸರೇ ವೇಶ್ಯೆಯರ ಹಿಂದೆ ಹೋಗುತ್ತಿರುವಾಗ ನಿಮ್ಮ ಹೆಣ್ಣುಮಕ್ಕಳನ್ನು ನಾನು ದಂಡಿಸುವುದಿಲ್ಲ ಎಂಬ ದೇವರ ಮಾತು.

ಇದೇ ಬೆನ್ ಝಕ್ಕಾಯ್ ಅವರ ಇನ್ನೊಂದು ಮಾತು ಅಂಗಡಿಮನೆಯವರಿಗೆ ನೇರವಾಗಿ ತಾಗುತ್ತದೆ, ಬೇಸರಿಸಬಾರದು. ತೋರಾದಲ್ಲಿ ಕದ್ದವನು ಎರಡರಷ್ಟು ತೆರಬೇಕು, ಎದುರಿಗೇ ಕಿತ್ತುಕೊಂಡವನು ಕಿತ್ತದ್ದನ್ನು ಮಾತ್ರ ಮರಳಿಸಬೇಕು. ಕಳ್ಳನಿಗೆ ಏಕೆ ಹೆಚ್ಚು ಎಂದು ಶಿಷ್ಯರು ಕೇಳಿದರು. ದರೋಡೆಕೋರ ಮನುಷ್ಯರಿಗೂ ಹೆದರಲಿಲ್ಲ, ದೇವರಿಗೂ ಹೆದರಲಿಲ್ಲ, ಇಬ್ಬರನ್ನೂ ಒಂದೇ ಸಮ ಕಂಡ. ಕಳ್ಳನಾದರೋ ಮನುಷ್ಯರ ಕಣ್ಣಿಗೆ ಅಂಜಿದ, ಮೇಲಿನ ಕಣ್ಣು ಕಾಣುವುದೇ ಇಲ್ಲವೇನೋ ಎಂಬಂತೆ ನಡೆದುಕೊಂಡ, ಎಂದರು. ಹಾಲು ಕುಡಿಯುವ ಬೆಕ್ಕು ಕಣ್ಣು ಮುಚ್ಚಿಕೊಂಡಂತೆ. ಬೆನ್ ಝಕ್ಕಾಯ್ ಮರಣಶಯ್ಯೆಯಲ್ಲಿದ್ದಾಗ ಶಿಷ್ಯರು ಆಶೀರ್ವಾದ ಬೇಡಿದರು. ‘ಮನುಷ್ಯರಿಗೆ ಹೆದರುವಷ್ಟಾದರೂ ದೇವರಿಗೆ ಹೆದರುವಂತಾಗಲಿ.’ ಅಷ್ಟೇ ಸಾಕೇ ಎಂದರು ಶಿಷ್ಯರು. ‘ಅಷ್ಟಾದರೆ ದೊಡ್ಡದು! ತಪ್ಪು ಮಾಡುವವನು ಯಾರೂ ನೋಡದಿದ್ದರೆ ಸಾಕು ಎಂದುಕೊಳ್ಳುತ್ತಾನಲ್ಲ.’

ನನ್ನ ತಿಳಿವಳಿಕೆಯಲ್ಲಿ ಹುಚ್ಚು ಎಂದರೆ ಇದು. ಲೆಕ್ಕ ಬರದಿರುವುದಲ್ಲ. ಚಿಲ್ಲರೆಯ ಲೆಕ್ಕ ಪಕ್ಕಾ ಇಟ್ಟುಕೊಂಡು ದೊಡ್ಡ ಲೆಕ್ಕವನ್ನು ಮರೆಯುವುದು. ಪಾಪದಿಂದ ಬರುವ ಲಾಭವನ್ನು ಅದರ ನಷ್ಟದ ಎದುರಿಗಿಟ್ಟು ಲೆಕ್ಕ ಹಾಕು ಎಂದು ಮಿಷ್ನಾದ ನೀತಿಮಾತುಗಳ ಭಾಗವಾದ ‘ಪಿರ್ಕೆ ಆವೋತ್’ ಹೇಳುತ್ತದೆ. ಅದರಲ್ಲಿಯೇ ರಬ್ಬಿ ಅಕೀವಾ ಹೇಳುವ ಮಾತನ್ನು ಕೇಳಿ: ಅಂಗಡಿ ತೆರೆದಿದೆ, ಅಂಗಡಿಯವನು ಉದ್ರಿ ಕೊಡುತ್ತಾನೆ, ಪುಸ್ತಕ ಬಿಚ್ಚಿದೆ, ಕೈ ಬರೆಯುತ್ತಿದೆ, ಬೇಕಾದವರು ಬಂದು ಸಾಲ ಒಯ್ಯಬಹುದು. ವಸೂಲಿಯವರು ಮಾತ್ರ ದಿನವೂ ಸುತ್ತುತ್ತಿರುತ್ತಾರೆ, ಅವನಿಗೆ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ವಸೂಲು ಮಾಡಿಕೊಂಡು ಹೋಗುತ್ತಾರೆ.


ಅಂಗಡಿಮನೆ

ಉದ್ರಿ ಪುಸ್ತಕದ ಮಾತು ಓದಿ ಫೋನ್ ಕೆಳಗಿಟ್ಟೆ. ನಾಳೆ ಬರೆಯುತ್ತೇನೆ.


ನಿವೃತ್ತ ಗುಮಾಸ್ತ

ಚೆನ್ನಾಗಿದೆ, ಆದರೆ ನನ್ನ ಪ್ರಶ್ನೆಗೆ ಇದು ಉತ್ತರವಲ್ಲ. ಹುಚ್ಚು ಎಂದಮೇಲೆ ಶಿಕ್ಷೆ ಇರಬಾರದು. ಮತಿಗೆಟ್ಟವನನ್ನು ಜೈಲಿಗೆ ಹಾಕುವುದು ನಮ್ಮ ಕಾನೂನಿನಲ್ಲಿಯೂ ಇಲ್ಲ. ಯೆಹೂದಿಗಳ ಕೋರ್ಟಿನಲ್ಲಿ ‘ಗಾಳಿ ಸೋಕಿತ್ತು’ ಎಂದರೆ ಬಿಟ್ಟುಬಿಡುತ್ತಿದ್ದರೇ?


ಅಕ್ಷರಹುಳು

ಬಿಡುತ್ತಿರಲಿಲ್ಲ. ಅಲ್ಲಿಯೇ ಸ್ವಾರಸ್ಯವಿರುವುದು. ಅವರ ಕಾನೂನಿನಲ್ಲಿ ಮತಿಹೀನನಿಗೆ ‘ಶೋತೆ’ ಎನ್ನುತ್ತಾರೆ. ಶ್ತೂತ್ ಎಂಬುದರ ಒಡಹುಟ್ಟು. ಶೋತೆಯನ್ನು ಗಾಯಗೊಳಿಸಿದವನು ಪರಿಹಾರ ತೆರಬೇಕು. ಶೋತೆಯೇ ಬೇರೆಯವರನ್ನು ಗಾಯಗೊಳಿಸಿದರೆ ಏನೂ ತೆರಬೇಕಾಗಿಲ್ಲ. ಆದರೆ ಶೋತೆ ಯಾರು ಎಂಬುದಕ್ಕೆ ಗುರುತು ಕೊಟ್ಟಿದ್ದಾರೆ: ರಾತ್ರಿ ಒಬ್ಬನೇ ಹೊರಗೆ ಅಲೆಯುವವನು, ಸ್ಮಶಾನದಲ್ಲಿ ಮಲಗುವವನು, ಬಟ್ಟೆ ಹರಿದುಕೊಳ್ಳುವವನು. ಬಾಕಿಯನ್ನು 14ರಿಂದ 18ಕ್ಕೆ ಏರಿಸುವವನು ಆ ಪಟ್ಟಿಯಲ್ಲಿಲ್ಲ.

ಗಾಳಿ ಹೊಕ್ಕಿತು ಸರಿ, ಕದ ತೆರೆದವರು ಯಾರು? ತಾಲ್ಮುಡ್‌ನಲ್ಲಿ ರಾವಾ ಎಂಬ ಗುರು ಕೆಡುಕಿನ ಒಲವಿನ ಮೂರು ಮೆಟ್ಟಿಲು ತೋರಿಸುತ್ತಾನೆ. ಮೊದಲು ಅದು ಹಾದಿಹೋಕ, ಆಮೇಲೆ ಮನೆಗೆ ಬಂದ ನೆಂಟ, ಕೊನೆಗೆ ಮನೆಯ ಯಜಮಾನ. ರಬ್ಬಿ ಅಸ್ಸಿ ಎಂಬವರ ಮಾತು ಇನ್ನೊಂದು: ಮೊದಲು ಜೇಡನ ಎಳೆ, ಕೊನೆಗೆ ಗಾಡಿಯ ಹಗ್ಗ.


ಅಂಗಡಿಮನೆ

ಗಾಡಿಯ ಹಗ್ಗವೇ ಬೇಕಾಗಿತ್ತೇ!

ಮೊದಲ ವಾರ ನನಗೆ ನಾಲಗೆ ಒಣಗಿತ್ತು. ಒಂದು ರೂಪಾಯಿ ಮಾತ್ರ ಹೆಚ್ಚು ಹೇಳಿದೆ, ಅಜ್ಜ ಮುಖ ನೋಡಿದರೆ ತಪ್ಪಾಯಿತೆಂದು ತಿದ್ದಿಬಿಡೋಣ ಎಂದುಕೊಂಡಿದ್ದೆ. ಅವರು ಮುಖ ನೋಡಲಿಲ್ಲ, ಗಂಟು ಬಿಚ್ಚಿದರು. ಮೂರನೆಯ ವಾರದ ಹೊತ್ತಿಗೆ ನನಗೆ ಅದು ಸಂಬಳವೆಂದೇ ಅನಿಸತೊಡಗಿತ್ತು. ಅಪ್ಪ ದುಡಿಸಿಕೊಳ್ಳುತ್ತಾರೆ, ಕೈಗೆ ಏನೂ ಕೊಡುವುದಿಲ್ಲ, ಹಾಗಾಗಿ ಇದು ನ್ಯಾಯ. ಹೀಗಿತ್ತು ನನ್ನ ವಾದ. ಒಂದು ವಾರ ಅಜ್ಜ ಬರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು ಎಂದರೆ ನಂಬುತ್ತೀರಾ?


ಅಕ್ಷರಹುಳು

ನಂಬುತ್ತೇನೆ. ತಾಲ್ಮುಡ್‌ನ ಗುರು ರಾವ್ ಹೂನಾ ಹೇಳಿದ್ದಾರೆ: ಒಂದು ತಪ್ಪನ್ನು ಎರಡು ಸಲ ಮಾಡಿದವನಿಗೆ ಅದು ಅನುಮತಿ ಸಿಕ್ಕಿದಂತೆಯೇ ಆಗಿಬಿಡುತ್ತದೆ.


ಕುಂದಾಪುರದವಳು (ಸೆಪ್ಟೆಂಬರ್ 25)

ನಾನು ಟೆಲ್ ಅವೀವ್ ಹತ್ತಿರದ ಒಂದು ಊರಿನಲ್ಲಿ 88 ವರ್ಷದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಇಲ್ಲಿ ಅಜ್ಜಿಗೆ ‘ಸವ್ತಾ’ ಎನ್ನುತ್ತಾರೆ. ದೊಡ್ಡ ಗ್ರಂಥಗಳು ನನಗೆ ಗೊತ್ತಿಲ್ಲ, ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತೇನೆ.

ಮೊನ್ನೆ ಇವರ ಹೊಸ ವರ್ಷವಾಯಿತು. ಅಲ್ಲಿಂದ ಹತ್ತನೆಯ ದಿನ ಯೋಮ್ ಕಿಪ್ಪುರ್, ಪ್ರಾಯಶ್ಚಿತ್ತದ ದಿನ. ಈ ಸಲ ಅದು ನಮ್ಮ ವಿಜಯದಶಮಿಯ ದಿನವೇ ಬಂದಿದೆ. ಹಿಂದಿನ ಸಂಜೆಯಿಂದ ರಾತ್ರಿ ನಕ್ಷತ್ರ ಮೂಡುವವರೆಗೆ ಅನ್ನವಿಲ್ಲ, ನೀರಿಲ್ಲ. ಹೆದ್ದಾರಿಯಲ್ಲಿ ಒಂದು ಕಾರೂ ಇರುವುದಿಲ್ಲ, ಮಕ್ಕಳು ಅಲ್ಲಿಯೇ ಸೈಕಲ್ ಹೊಡೆಯುತ್ತಾರೆ.

ಆ ಹತ್ತು ದಿನ ಸವ್ತಾ ಹಳೆಯ ಫೋನ್ ಡೈರಿ ಹಿಡಿದು ಕೂರುತ್ತಾರೆ. ಒಬ್ಬೊಬ್ಬರಿಗೇ ಫೋನ್ ಮಾಡಿ, ಈ ವರ್ಷ ನಿನಗೆ ನೋವಾಗುವಂಥದ್ದು ಏನಾದರೂ ಮಾಡಿದ್ದರೆ ಮನ್ನಿಸು ಎನ್ನುತ್ತಾರೆ. ಹೆಚ್ಚಿನವರು ನಗುತ್ತಾರೆ, ಮೊಮ್ಮಕ್ಕಳ ಮಾತು ಶುರುವಾಗುತ್ತದೆ. ನಾದಿನಿಯೊಬ್ಬರ ಜೊತೆ ಮಾತ್ರ ನಿಜವಾದ ಜಗಳವಿದೆ, ಏನೋ ಮನೆಯ ಪಾಲಿನ ವಿಷಯ. ಮೊದಲ ಸಲ ಫೋನ್ ಮಾಡಿದಾಗ ಆ ಕಡೆಯಿಂದ ಇಟ್ಟುಬಿಟ್ಟರು. ನಿನ್ನೆ ಎರಡನೆಯ ಸಲ. ಎರಡು ನಿಮಿಷ ಬೈಗುಳ, ಆಮೇಲೆ ಇಟ್ಟರು. ‘ಇನ್ನೊಂದು ಬಾಕಿ’ ಎಂದು ಸವ್ತಾ ಡೈರಿಯಲ್ಲಿ ಗೀಟು ಎಳೆದರು. ಮೂರು ಸಲ ಕೇಳಬೇಕು, ಮೂರನೆಯ ಸಲವೂ ಮನ್ನಿಸದಿದ್ದರೆ ಪಾಪ ಅವರ ಕಡೆಗೆ ಹೋಗುತ್ತದಂತೆ. ‘ಹಾಗಾದರೆ ಅವರು ಮನ್ನಿಸದಿರಲಿ ಎಂದು ಒಳಗೊಳಗೇ ಆಸೆಯೇ?’ ಎಂದು ಕೇಳಿದೆ. ಅಜ್ಜಿ ತುಂಬ ಹೊತ್ತು ನಕ್ಕರು, ಉತ್ತರ ಹೇಳಲಿಲ್ಲ.


ಬಲ್ಮಠದ ಓದುಗಿ

ಈ ಅಜ್ಜಿ ನನಗೆ ಇಷ್ಟವಾದರು. ಅವರು ಮಾಡುತ್ತಿರುವುದು ಮಿಷ್ನಾದ ಮಾತು. ದೇವರಿಗೂ ಮನುಷ್ಯನಿಗೂ ನಡುವಿನ ತಪ್ಪಿಗೆ ಯೋಮ್ ಕಿಪ್ಪುರ್ ಪ್ರಾಯಶ್ಚಿತ್ತ, ಮನುಷ್ಯ ಮನುಷ್ಯರ ನಡುವಿನದಕ್ಕೆ ಆ ಇನ್ನೊಬ್ಬನನ್ನು ಸಮಾಧಾನಪಡಿಸುವವರೆಗೂ ಇಲ್ಲ. ಅದಕ್ಕೆ ಸ್ವಲ್ಪ ಮೊದಲು ಇನ್ನೊಂದು ಎಚ್ಚರಿಕೆ ಇದೆ. ‘ಪಾಪ ಮಾಡುತ್ತೇನೆ, ಯೋಮ್ ಕಿಪ್ಪುರ್ ತೊಳೆಯುತ್ತದೆ’ ಎಂದು ಲೆಕ್ಕ ಹಾಕಿದವನಿಗೆ ಯೋಮ್ ಕಿಪ್ಪುರ್ ತೊಳೆಯುವುದಿಲ್ಲ. ನದಿಯಲ್ಲಿ ಮುಳುಗಿ ಎದ್ದರೆ ಮುಗಿಯಿತು, ಹುಂಡಿಗೆ ಹಾಕಿದರೆ ಮುಗಿಯಿತು ಎನ್ನುವ ಜಾಣತನ ಯಾವ ನಾಡಿನಲ್ಲೂ ಇರುತ್ತದೆ, ಅಲ್ಲಿಯೂ ಇದ್ದಿರಬೇಕು. ಇಲ್ಲದಿದ್ದರೆ ಈ ಸಾಲು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.


ದಾರಿಯಲ್ಲಿ ಹೋಗುವವ

ಎಲ್ಲ ಓದಿದೆ. ಕಿರಾಣಿ ಅಂಗಡಿಯವರ ಬಂಡವಾಳ ಅವರ ಬಾಯಿಂದಲೇ ಹೊರಬಿತ್ತು. ಅಳೆಯುವುದರಲ್ಲಿ ಮೋಸ, ತಟ್ಟೆಯ ಕೆಳಗೆ ಹುಣಸೆಹಣ್ಣು, ಈಗ ವಯಸ್ಸಾದ ಮೇಲೆ ತತ್ತ್ವ. ಕಳ್ಳನಿಗೆ ತಾನೇ ಕಳ್ಳತನದ ಮರ್ಮ ಗೊತ್ತಿರುವುದು!


ನಿರ್ವಾಹಕ

ವೈಯಕ್ತಿಕ ಚುಚ್ಚುಮಾತು ಬೇಡ. ಮೇಲಿನದನ್ನು ಅಳಿಸುವ ಯೋಚನೆಯಿತ್ತು, ಅಕ್ಷರಹುಳು ಅವರು ಉಳಿಸಿ ಎಂದು ಕೇಳಿದ್ದಕ್ಕೆ ಉಳಿಸಿದ್ದೇನೆ.


ಅಕ್ಷರಹುಳು

ಉಳಿಸಿ ಎಂದದ್ದಕ್ಕೆ ಕಾರಣವಿದೆ. ಸರಿಸುಮಾರು ಇದೇ ಮಾತು ರೇಷ್ ಲಾಕಿಷ್‌ನ ಜೀವ ತೆಗೆಯಿತು.

ಕಥೆ ಹೀಗಿದೆ. ರಬ್ಬಿ ಯೋಹಾನಾನ್ ಎಂಬ ಗುರು (ಮೇಲೆ ಹೇಳಿದ ಬೆನ್ ಝಕ್ಕಾಯ್ ಅಲ್ಲ, ಬೇರೊಬ್ಬರು) ಯೋರ್ದನ್ ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದರು. ಬಹಳ ಸುಂದರ ಪುರುಷ. ರೇಷ್ ಲಾಕಿಷ್ ಅವರನ್ನು ಕಂಡು ಹೊಳೆಗೆ ಹಾರಿದ. ‘ನಿನ್ನ ಶಕ್ತಿ ತೋರಾಕ್ಕೆ ಸಲ್ಲಬೇಕಾದದ್ದು’ ಎಂದರು ಇವರು. ‘ನಿನ್ನ ಚೆಲುವು ಹೆಂಗಸರಿಗೆ ಸಲ್ಲಬೇಕಾದದ್ದು’ ಎಂದ ಅವನು. ‘ನೀನು ಹಿಂದಿರುಗಿ ಬಂದರೆ ನನಗಿಂತ ಚೆಲುವೆಯಾದ ನನ್ನ ತಂಗಿಯನ್ನು ಕೊಡುತ್ತೇನೆ’ ಎಂದರು. ಅವನು ಒಪ್ಪಿದ. ಹೊಳೆಯಿಂದ ಮರಳಿ ನೆಗೆದು ತನ್ನ ಸಾಮಾನು ತರಲು ಹೋದರೆ ಮೈಯಲ್ಲಿ ಮೊದಲಿನ ಕಸುವಿರಲಿಲ್ಲವಂತೆ. ಯೋಹಾನಾನ್ ಅವನಿಗೆ ಕಲಿಸಿದರು, ಅವನು ದೊಡ್ಡ ವಿದ್ವಾಂಸನಾದ.

ಬಹಳ ಕಾಲದ ಮೇಲೆ ಒಂದು ದಿನ ಪಾಠಶಾಲೆಯಲ್ಲಿ ಚರ್ಚೆ. ಕತ್ತಿ, ಚೂರಿ, ಈಟಿ, ಕುಡುಗೋಲು ಇವು ಯಾವ ಹಂತದಲ್ಲಿ ಪೂರ್ತಿ ತಯಾರಾದಂತೆ? ಕುಲುಮೆಯಲ್ಲಿ ಕಾಯಿಸಿದಾಗ ಎಂದರು ಯೋಹಾನಾನ್. ನೀರಿನಲ್ಲಿ ಅದ್ದಿ ಹೊಳಪು ಕೊಟ್ಟಾಗ ಎಂದ ರೇಷ್ ಲಾಕಿಷ್. ಆಗ ಗುರುವಿನ ಬಾಯಿಂದ ಬಂದ ಮಾತು: ‘ದರೋಡೆಕೋರನಿಗೆ ದರೋಡೆಯ ಸಲಕರಣೆ ಗೊತ್ತು.’

‘ನಿಮ್ಮಿಂದ ನನಗೇನು ಸಿಕ್ಕಿತು? ಅಲ್ಲಿಯೂ ನನ್ನನ್ನು ಒಡೆಯ ಎನ್ನುತ್ತಿದ್ದರು, ಇಲ್ಲಿಯೂ ಒಡೆಯ ಎನ್ನುತ್ತಾರೆ’ ಎಂದ ಶಿಷ್ಯ. ಗುರು ನೊಂದುಕೊಂಡರು, ಶಿಷ್ಯ ಹಾಸಿಗೆ ಹಿಡಿದ. ತಂಗಿ ಬಂದು ಅಣ್ಣನ ಮುಂದೆ ಅತ್ತಳು, ಮಕ್ಕಳ ಮುಖ ನೋಡು ಎಂದಳು. ಮನಸ್ಸು ಕರಗಲಿಲ್ಲ. ರೇಷ್ ಲಾಕಿಷ್ ಸತ್ತ.

ಗುರುವಿನ ದುಃಖ ತೀರಿಸಲು ಎಲಾಜಾರ್ ಬೆನ್ ಪೆದಾತ್ ಎಂಬ ಜಾಣನನ್ನು ಕಳುಹಿಸಿದರು. ಯೋಹಾನಾನ್ ಏನು ಹೇಳಿದರೂ ‘ಇದಕ್ಕೆ ನಿಮ್ಮ ಪರವಾಗಿ ಆಧಾರವಿದೆ’ ಎನ್ನುತ್ತಿದ್ದ. ‘ನೀನು ಲಾಕಿಷನ ಮಗನಂತೆಯೇ? ನಾನೊಂದು ಹೇಳಿದರೆ ಅವನು 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ. ಪಾಠ ತಾನಾಗಿ ಬೆಳೆಯುತ್ತಿತ್ತು. ನಾನು ಸರಿ ಎಂಬುದು ನನಗೆ ಗೊತ್ತಿಲ್ಲವೇ?’ ಬಟ್ಟೆ ಹರಿದುಕೊಂಡು, ‘ಎಲ್ಲಿದ್ದೀ, ಲಾಕಿಷನ ಮಗನೇ’ ಎಂದು ಕೂಗುತ್ತ ತಿರುಗಿದರು. ಕೊನೆಗೆ ಬುದ್ಧಿಯೇ ಕದಲಿತು.

ಹುಚ್ಚಿನ ಗಾಳಿಯ ಮಾತು ಹೇಳಿದವನನ್ನು ಹಳೆಯ ಬದುಕಿನ ಹೆಸರು ಹಿಡಿದು ಕರೆದದ್ದಕ್ಕೆ ಗುರುವಿಗೇ ಹುಚ್ಚು ಹಿಡಿಯಿತು. ಈ ಎರಡನ್ನೂ ಹೀಗೆ ಜೋಡಿಸಿದ್ದು ನಾನು, ತಾಲ್ಮುಡ್ ಅಲ್ಲ. ಆದರೆ ತಿದ್ದಿಕೊಂಡವನಿಗೆ ‘ನಿನ್ನ ಹಳೆಯ ಕೆಲಸ ನೆನಪಿದೆಯೇ’ ಎನ್ನಬಾರದು ಎಂಬ ಮಿಷ್ನಾದ ನಿಯಮ ಈ ಕಥೆ ಇರುವ ಭಾಗದಲ್ಲಿಯೇ ಕೆಲವು ಅಧ್ಯಾಯ ಹಿಂದೆ ಇದೆ. ಅಲ್ಲಿ ಮಾತಿನಿಂದ ನೋಯಿಸುವುದಕ್ಕೂ ಗಿರಾಕಿಯಿಂದ ಹೆಚ್ಚು ಬೆಲೆ ಕೀಳುವುದಕ್ಕೂ ಬಳಸಿರುವುದು ‘ಓನಾಆ’ ಎಂಬ ಒಂದೇ ಪದ.


ದಾರಿಯಲ್ಲಿ ಹೋಗುವವ

ಅಷ್ಟು ದೊಡ್ಡ ಕಥೆಗೆ ನನ್ನ ಮಾತು ಯೋಗ್ಯವಾಗಿರಲಿಲ್ಲ. ಹುಣಸೆಹಣ್ಣಿನ ಮಾತು ಹಿಂತೆಗೆದುಕೊಂಡಿದ್ದೇನೆ.


ಅಂಗಡಿಮನೆ (ಸೆಪ್ಟೆಂಬರ್ 28)

ಹಿಂತೆಗೆದುಕೊಳ್ಳಬೇಡಿ. ನಮ್ಮ ಅಂಗಡಿಯಲ್ಲಿ ಹುಣಸೆಹಣ್ಣು ಇರಲಿಲ್ಲ, ಅಪ್ಪ ಆ ವಿಷಯದಲ್ಲಿ ಬೆಂಕಿ. ಆಯುಧಪೂಜೆಯ ದಿನ ತಕ್ಕಡಿಯನ್ನು ಹುಣಸೆಹುಳಿ ಹಾಕಿ ತಿಕ್ಕಿ ತೊಳೆದು ಕುಂಕುಮ ಇಡುತ್ತಿದ್ದರು, ಹುಣಸೆಹಣ್ಣಿಗೆ ಅಲ್ಲಿ ಅಷ್ಟೇ ಕೆಲಸ.

ಈ ತಕ್ಕಡಿಯ ವಿಷಯದಲ್ಲಿಯೇ ನಾನು ಒಂದು ಬಚ್ಚಿಟ್ಟಿದ್ದೆ. ಒಂದು ದಿನ ಅಜ್ಜ ಅಪ್ಪನ ಎದುರು ‘ಯಾಕೋ ಈಚೆಗೆ ಬಾಕಿ ಜಾಸ್ತಿಯಾಗುತ್ತಿದೆ’ ಎಂದು ಗೊಣಗಿದರು. ರಾತ್ರಿ ಅಪ್ಪ ನನ್ನನ್ನು ಕರೆದು ಕೇಳಿದರು. ನಾನು ತಕ್ಕಡಿ ಮುಟ್ಟಿ ಆಣೆ ಇಟ್ಟೆ. ಅಪ್ಪ ಮತ್ತೆ ಯಾವತ್ತೂ ಕೇಳಲಿಲ್ಲ.

ಈಗ ಕೇಳುವುದು ಇಷ್ಟೆ. ಅಜ್ಜ ಇಲ್ಲ. ಸತ್ತವರ ಬಳಿ ಮನ್ನಿಸಿ ಎಂದು ಕೇಳುವುದು ಹೇಗೆ? ಆ ಗುರುಗಳು ಇದಕ್ಕೆ ಏನಾದರೂ ಹೇಳಿದ್ದಾರೆಯೇ?


ಅಕ್ಷರಹುಳು

ಹೇಳಿದ್ದಾರೆ. 12ನೆಯ ಶತಮಾನದ ಯೆಹೂದಿ ವಿದ್ವಾಂಸ ಮೈಮೊನಿಡೀಸ್, ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ವೈದ್ಯನಾಗಿದ್ದವರು, ‘ತೆಶುವಾ’ ಅಂದರೆ ಹಿಂದಿರುಗಿ ಬರುವುದರ ನಿಯಮಗಳನ್ನೇ ಒಂದು ವಿಭಾಗವಾಗಿ ಬರೆದಿದ್ದಾರೆ. ಮನ್ನಿಸಬೇಕಾದವನು ಸತ್ತಿದ್ದರೆ ಹತ್ತು ಜನರನ್ನು ಕರೆದುಕೊಂಡು ಅವನ ಸಮಾಧಿಯ ಬಳಿ ಹೋಗಿ, ಇಂಥ ತಪ್ಪನ್ನು ದೇವರಿಗೂ ಇವನಿಗೂ ಮಾಡಿದ್ದೇನೆ ಎಂದು ಅವರೆದುರು ಹೇಳಬೇಕು. ಹಣ ಬಾಕಿಯಿದ್ದರೆ ವಾರಸುದಾರರಿಗೆ ಕೊಡಬೇಕು. ವಾರಸುದಾರರು ಯಾರೆಂದು ತಿಳಿಯದಿದ್ದರೆ ನ್ಯಾಯಾಲಯದಲ್ಲಿ ಇಡಬೇಕು.

ಹಿಂದಿರುಗಿದ್ದು ಪೂರ್ತಿಯಾಯಿತು ಎಂದು ಯಾವಾಗ ತಿಳಿಯಬೇಕು ಎಂಬುದಕ್ಕೆ ಅವರ ಉತ್ತರ: ಅದೇ ಸಂದರ್ಭ ಮತ್ತೆ ಬಂದು, ಮಾಡುವ ಶಕ್ತಿಯೂ ಇದ್ದು, ಮಾಡದೆ ಬಿಟ್ಟಾಗ. ಹೆದರಿಕೆಯಿಂದಲ್ಲ, ಕೈಲಾಗದೆಯೂ ಅಲ್ಲ.


ತುಂಗಾತೀರ

ಆದರೆ ಇವರು ಯೆಹೂದಿಗಳಲ್ಲವಲ್ಲ, ಆ ನಿಯಮ ಇವರಿಗೆ ಏಕೆ?


ಕುಂದಾಪುರದವಳು

ನಾನು ಇದನ್ನೇ ಸವ್ತಾ ಬಳಿ ಕೇಳಿದೆ. ಯೋಮ್ ಕಿಪ್ಪುರ್ ಮಧ್ಯಾಹ್ನ ಓದುವುದು ಬೈಬಲಿನ ಯೋನನ ಪುಸ್ತಕ, ಕೆಡುಕು ಬಿಟ್ಟು ತಿದ್ದಿಕೊಂಡ ನಿನೆವೆ ಪಟ್ಟಣದ ಕಥೆ. ನಿನೆವೆಯವರು ಯೆಹೂದಿಗಳಾಗಿದ್ದರೇ ಎಂದು ಅವರು ನನಗೇ ತಿರುಗಿ ಕೇಳಿದರು.


ಬಲ್ಮಠದ ಓದುಗಿ

ಅಜ್ಜಿಗೆ ನಮಸ್ಕಾರ ಹೇಳಿ. ನಿನೆವೆಯವರ ಗೋಣಿತಟ್ಟು, ಉಪವಾಸ ನೋಡಿ ದೇವರು ಕರಗಿದ ಎಂದು ಅಲ್ಲಿ ಬರೆದಿಲ್ಲ, ‘ಅವರ ಕೆಲಸಗಳನ್ನು ನೋಡಿದ’ ಎಂದಿದೆ ಎಂದು ತಾಲ್ಮುಡ್ ಬೊಟ್ಟು ಮಾಡುತ್ತದೆ. ಕದ್ದ ತೊಲೆಯನ್ನು ಅರಮನೆಗೆ ಹಾಕಿದ್ದರೂ ಅರಮನೆ ಕೆಡವಿ ತೊಲೆ ಮರಳಿಸಿದರಂತೆ. ಇದು ಮಾತ್ರ ಗುರುಗಳಿಗೇ ಅತಿಯೆನಿಸಿರಬೇಕು. ಅವರ ಸ್ವಂತ ಕಾನೂನಿನಲ್ಲಿ ತೊಲೆಯ ಬೆಲೆ ಕೊಟ್ಟರೆ ಸಾಕು, ಮನೆ ಕೆಡವಬೇಕಾಗಿಲ್ಲ. ಮನೆ ಕೆಡವು ಎಂದರೆ ಯಾರೂ ತಿದ್ದಿಕೊಳ್ಳುವುದಿಲ್ಲ ಎಂಬ ವ್ಯವಹಾರಜ್ಞಾನ. ಒಬ್ಬನ ಕಥೆಯೂ ಇದೆ. ಅವನು ತಿದ್ದಿಕೊಳ್ಳಲು ಹೊರಟಾಗ ಹೆಂಡತಿ, ‘ತಿಳಿಗೇಡಿ, ಎಲ್ಲ ಹಿಂದಿರುಗಿಸಿದರೆ ನಿನ್ನ ಸೊಂಟದ ಪಟ್ಟಿಯೂ ನಿನ್ನದಾಗಿ ಉಳಿಯುವುದಿಲ್ಲ’ ಎಂದಳು. ಅವನು ಸುಮ್ಮನಾದ.


ಅಂಗಡಿಮನೆ (ಅಕ್ಟೋಬರ್ 5)

ಹೋಗಿ ಬಂದೆ.

ಲಕೋಟೆಯಲ್ಲಿ 2,000 ರೂಪಾಯಿ ಇಟ್ಟುಕೊಂಡಿದ್ದೆ. 180ಕ್ಕೆ 2,000 ಎಂದರೆ ಉದಾರವೆಂದೇ ನನ್ನ ಎಣಿಕೆ. ಅಜ್ಜನ ಸೊಸೆ ಇದ್ದಾರೆ, ವಯಸ್ಸು ಅರವತ್ತರ ಆಸುಪಾಸು. ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು. ನಾನು ಎಲ್ಲ ಹೇಳಿ ಮುಗಿಸುವವರೆಗೆ ಅವರ ಕೈ ನಿಲ್ಲಲಿಲ್ಲ. ಅಳು ಬರಬಹುದು, ಬೈಯಬಹುದು ಎಂದುಕೊಂಡಿದ್ದೆ. ಲಕೋಟೆ ತೆಗೆದುಕೊಂಡು ಎಣಿಸಿದರು. ‘ಬಡ್ಡಿ ಯಾವ ಲೆಕ್ಕದಲ್ಲಿ ಹಾಕಿದಿರಿ?’ ಎಂದರು.

ಅಂದಾಜಿಗೆ ಎಂದೆ.

‘ಅಂದಾಜಿಗೆ ಯಾರಾದರೂ ಬಡ್ಡಿ ಹಾಕುತ್ತಾರೆಯೇ? ನಮ್ಮ ಮಾವ ನಿಮ್ಮೂರ ಸಾಹುಕಾರರಿಗೆ ನೂರಕ್ಕೆ ಮೂರು ಕೊಡುತ್ತಿದ್ದರು, ತಿಂಗಳಿಗೆ.’ ಅವರು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು. ಒಳಗಿನಿಂದ ಮೊಮ್ಮಗಳ ನೋಟ್‌ಬುಕ್ ತಂದು ಗುಣಿಸಿದರು. ತಿಂಗಳಿಗೆ 5 ರೂಪಾಯಿ 40 ಪೈಸೆ, ವರ್ಷಕ್ಕೆ 64.80, 38 ವರ್ಷಕ್ಕೆ 2,462. ಅಸಲು ಸೇರಿ 2,642. ‘ಇನ್ನೂ 642 ಬರಬೇಕು’ ಎಂದು ಬರೆದು ಹಾಳೆ ಹರಿದು ಕೊಟ್ಟರು. ಆಮೇಲೆ ಕಾಫಿಯನ್ನೂ ಕೊಟ್ಟರು.

ನೀವು ಮನ್ನಿಸಿದಿರಾ ಅಕ್ಕ ಎಂದು ಕೇಳಿದೆ. ‘ದುಡ್ಡಿನ ಮಾತು ನನ್ನದು. ಅದು ಮಾವನದು’ ಎಂದರು.


ಅಕ್ಷರಹುಳು

ಕಾನೂನಿನ ಮಾತಾದರೆ, ಕಿತ್ತುಕೊಂಡ ಹೊತ್ತಿನ ಬೆಲೆಯನ್ನು ತೆತ್ತರೆ ಸಾಕು ಎನ್ನುತ್ತದೆ ಮಿಷ್ನಾ. ಆದರೆ ನೀವು ಆಣೆ ಇಟ್ಟಿದ್ದೀರಿ. ಸುಳ್ಳಾಣೆ ಇಟ್ಟು ಆಮೇಲೆ ಒಪ್ಪಿಕೊಂಡವನು ಅಸಲಿನ ಜೊತೆ ಐದನೆಯ ಒಂದು ಭಾಗ ಸೇರಿಸಬೇಕೆಂದು ತೋರಾದ ಯಾಜಕಕಾಂಡದಲ್ಲಿದೆ. ಆಣೆ ನಿಮ್ಮ ಅಪ್ಪನೆದುರು ಆದದ್ದು, ಅಜ್ಜನೆದುರು ಅಲ್ಲ ಎಂಬ ವಾದ ಹೂಡಬಹುದು, ಹೂಡದಿದ್ದರೆ ಮರ್ಯಾದೆ. ಆ ಐದನೆಯ ಭಾಗವನ್ನು ಗುರುಗಳು ಸೇರಿಸಿದ ಮೇಲಿನ ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ, ಅಂದರೆ ಅಸಲಿನ ಕಾಲು ಪಾಲು. 180ಕ್ಕೆ 45. ಒಟ್ಟು 225.


ನಿವೃತ್ತ ಗುಮಾಸ್ತ

ಆ ಅಮ್ಮನ ಮುಂದೆ 225ರ ಮಾತು ಎತ್ತಿದರೆ ಕಡಲೆಕಾಯಿಯ ಮೊರ ತಲೆಯ ಮೇಲೆ ಬೀಳುತ್ತದೆ. 642 ಕೊಟ್ಟು ರಸೀದಿ ಪಡೆಯಿರಿ. ನನ್ನ 34 ವರ್ಷದ ಸರ್ವೀಸಿನಲ್ಲಿ ಇಷ್ಟು ಸ್ಪಷ್ಟವಾದ ಡಿಕ್ರಿ ನೋಡಿರಲಿಲ್ಲ.


ಕುಂದಾಪುರದವಳು

ಸವ್ತಾ ಮೂರನೆಯ ಫೋನ್ ಅಕ್ಟೋಬರ್ 1ರ ಮಧ್ಯಾಹ್ನ ಮಾಡಿದರು, ಉಪವಾಸ ಶುರುವಾಗಲು ಮೂರು ಗಂಟೆ ಇರುವಾಗ. ನಾದಿನಿ ಫೋನ್ ಎತ್ತಿದರು, ಏನೂ ಮಾತನಾಡಲಿಲ್ಲ, ಇಡಲೂ ಇಲ್ಲ. ಇವರು ಈ ಕಡೆ, ಅವರು ಆ ಕಡೆ, ಹತ್ತು ನಿಮಿಷ. ಇದನ್ನು ಯಾವ ಲೆಕ್ಕಕ್ಕೆ ಹಾಕುವುದೆಂದು ಅಜ್ಜಿಗೂ ತಿಳಿಯಲಿಲ್ಲ, ಡೈರಿಯಲ್ಲಿ ಗೀಟು ಎಳೆಯದೆ ಬಿಟ್ಟಿದ್ದಾರೆ.


ಅಂಗಡಿಮನೆ

ಮುಂದಿನ ಭಾನುವಾರ 642 ತೆಗೆದುಕೊಂಡು ಮತ್ತೆ ಹೋಗುತ್ತೇನೆ. ಅಜ್ಜನನ್ನು ಮಣ್ಣು ಮಾಡಿದ ಜಾಗ ಕೆರೆಯ ಏರಿಯ ಆಚೆಗಿದೆಯಂತೆ, ತೋರಿಸುತ್ತೇನೆ ಎಂದು ಆ ಅಕ್ಕ ಹೇಳಿದ್ದಾರೆ. ಹತ್ತು ಜನ ಎಲ್ಲಿಂದ ತರಲಿ? ಊರಿನವರನ್ನು ಕರೆದರೆ ಅಪ್ಪನ ಹೆಸರು ಬರುತ್ತದೆ. ಅದಕ್ಕೆ ಮನಸ್ಸು ಒಪ್ಪುತ್ತಿಲ್ಲ.


ನಿವೃತ್ತ ಗುಮಾಸ್ತ

ಒಂಬತ್ತು ಜನರನ್ನು ಹುಡುಕಿ. ಬಸ್ಸು ಎಷ್ಟು ಗಂಟೆಗೆ?


ದಾರಿಯಲ್ಲಿ ಹೋಗುವವ

ಎಂಟು ಸಾಕು.


ಅಂಗಡಿಮನೆ

ದಾವಣಗೆರೆಯಿಂದ ಬೆಳಿಗ್ಗೆ ಏಳಕ್ಕೆ ಒಂದಿದೆ. ಕೆರೆಯ ಏರಿಯ ಮೇಲೆ ಈಗ ಕೆಸರು, ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ.